ವನಮಾಲಾ ಮೇಡಂ ಸಹಿ ಹಾಕದ ಅಂಕಪಟ್ಟಿ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಇಂದು ಅಳುಕಿಲ್ಲದೆ ಕಂಪ್ಯೂಟರ್ ಬಳಸಿ ಪಾಠ ಮಾಡುವ ಶಿಕ್ಷಕರಲ್ಲಿ ಬಹುಮಂದಿ ಶ್ರೀಮತಿ ವನಮಾಲಾ ಅವರ ಕೈಯಲ್ಲಿ ತರಬೇತಾದವರು. ಮೂವತ್ತೊಂದು ವರ್ಷಗಳ ಸೇವೆಯ ನಂತರ ಅವರೀಗ ನಿವೃತ್ತರಾಗುತ್ತಿದ್ದಾರೆ. ಅವರನ್ನು ಸೌಮ್ಯ ಸ್ವಭಾವದವರೆಂದು ಬರೆದು ಈ ಅಭಿನಂದನಾ ಸಂಪುಟದ ಮರ್ಯಾದೆ ಕಾಪಾಡುವ ಇರಾದೆ ನನಗಿಲ್ಲ. ಅವರು ಸೌಮ್ಯರಾಗಿದ್ದಿದ್ದರೆ ನಾನು ಶಿಕ್ಷಕಿಯಾಗುತ್ತಿರಲಿಲ್ಲ.

ನಾನು ಸಾಗರದ ತರಬೇತಿ ಕೇಂದ್ರಕ್ಕೆ ಸೇರಿದಾಗ ಅಲ್ಲಿನ ಹತ್ತು ಕಂಪ್ಯೂಟರುಗಳು, ಎಲ್ಲಿ ಹಾಳಾದಾವೋ ಎಂಬ ಭಯದಿಂದ, ಬೀಗ ಹಾಕಿದ ಕೋಣೆಯಲ್ಲಿದ್ದವು. ಮೇಡಂ ಪ್ರಾಂಶುಪಾಲರ ಮುಂದೆ ನಿಂತು, "ಹಾಳಾದ್ರೆ ನನ್ನ ಹೆಸರು ಬರ್ಕೊಳ್ಳಿ" ಎಂದು ಕೀಲಿ ಪಡೆದರು. ಮೌಸ್ ಮುಟ್ಟಲು ಹಿಂಜರಿಯುತ್ತಿದ್ದ ನನ್ನನ್ನು, "ಎಂತಕ್ಕೆ ಹೆದರ್ತೀಯೆ ಶ್ರಾವ್ಯಾ? ಕೆಟ್ರೆ ರಿಪೇರಿ ಕಲಿಯೋಣ" ಎಂದು ಪಕ್ಕದಲ್ಲಿ ಕೂರಿಸಿಕೊಂಡರು. ಆದರೆ ಕಂಪ್ಯೂಟರ್ ಕೈಕೊಟ್ಟರೂ ಪಾಠ ಮುಂದುವರಿಸುವ ಇನ್ನೊಂದು ದಾರಿಯನ್ನು ಬರೆದು ತೋರಿಸದ ಹೊರತು ಯಾರನ್ನೂ ತರಗತಿಗೆ ಬಿಡುತ್ತಿರಲಿಲ್ಲ.

ನನ್ನ ಅಂತಿಮ ಪರೀಕ್ಷಾಪಾಠ ಹೊಸನಗರದ ಹಳ್ಳಿಶಾಲೆಯೊಂದರಲ್ಲಿ ನಡೆಯಿತು. ಲಿಂಗನಮಕ್ಕಿ ಅಣೆಕಟ್ಟೆಯಲ್ಲಿ ನಿಂತ ನೀರು ವಿದ್ಯುತ್ತಾಗುವ ಬಗೆಯನ್ನು ಪರದೆಯ ಮೇಲೆ ತೋರಿಸುತ್ತಿದ್ದಾಗಲೇ ಕರೆಂಟ್ ಹೋಯಿತು. ಹೊರಗಿನಿಂದ ಬಂದಿದ್ದ ಪರೀಕ್ಷಕರು, "ಸಾಕು, ಪಾಠ ಮುಗೀತು" ಎಂದು ಎದ್ದರು.

ಹಿಂದಿನ ಬೆಂಚಿನಿಂದ ಮೇಡಂ ದನಿ ಬಂತು: "ಕರೆಂಟ್ ಹೋಗಿದೆ ಸರ್, ಪಾಠ ಹೋಗಿಲ್ಲ. ಕೂತ್ಕೊಳ್ಳಿ."

ನಾನು ಮಕ್ಕಳನ್ನು ಅಂಗಳಕ್ಕೆ ಕರೆದೊಯ್ದು, ಮಣ್ಣಿನ ಕಟ್ಟೆ ಕಟ್ಟಿಸಿ, ಕೊಡದ ನೀರು ಹರಿಸಿ, ರಟ್ಟಿನ ಚಕ್ರ ತಿರುಗಿಸಿ ಪಾಠ ಪೂರೈಸಿದೆ. ಆದರೂ ಪರದೆಯ ಪಾಠ ಪೂರ್ತಿಯಾಗಲಿಲ್ಲವೆಂದು ಪರೀಕ್ಷಕರು ನನ್ನನ್ನು ನಪಾಸು ಮಾಡಿದರು. "ಹುಡುಗಿ ಪಾಠ ಮಾಡಿದ್ದನ್ನ ಕಣ್ಣಾರೆ ನೋಡಿದೀನಿ. ಈ ಅಂಕಪಟ್ಟಿಗೆ ನಾನು ಸಹಿ ಹಾಕಲ್ಲ" ಎಂದರು ಮೇಡಂ. ಇಲಾಖೆಯಿಂದ ನೋಟಿಸು ಬಂತು, ಉತ್ತರ ಬರೆದರು. ಮತ್ತೊಂದು ಬಂತು, ಅದೇ ಉತ್ತರ ಬರೆದರು. ಎರಡು ತಿಂಗಳ ಮೇಲೆ ನನಗೆ ಮರುಪರೀಕ್ಷೆ ದೊರೆಯಿತು, ತೇರ್ಗಡೆಯಾದೆ. ಅವರಿಗೆ ಬಡ್ತಿ ತಪ್ಪಿ ತೀರ್ಥಹಳ್ಳಿಗೆ ವರ್ಗವಾಯಿತು. ಅಳುತ್ತಾ ಕ್ಷಮೆ ಕೇಳಲು ಹೋದ ನನಗೆ, "ಅಳೂದೆಂತಕ್ಕೆ? ತೀರ್ಥಹಳ್ಳೀಲೂ ಟೀಚರಾಗೋರು ಇದಾರಲ್ಲ" ಎಂದು ಕಾಫಿ ಕೊಟ್ಟರು.

ಕಂಪ್ಯೂಟರೇ ಇಲ್ಲದ ಅಲ್ಲಿನ ಕೇಂದ್ರದಲ್ಲಿ ತಮ್ಮದೊಂದೇ ಲ್ಯಾಪ್‌ಟಾಪಿನಿಂದ ಅವರು ಮತ್ತೆ ಮೊದಲಿನಿಂದ ಆರಂಭಿಸಿದರು. ಹನ್ನೊಂದು ವರ್ಷಗಳಲ್ಲಿ ಅದರ ಕೀಲಿಮಣೆಯ ಅಕ್ಷರಗಳೆಲ್ಲ ಅಳಿಸಿಹೋದವು.

ಈ ಬೀಳ್ಕೊಡುಗೆ ಸಮಾರಂಭದ ದಿನ ಗೊತ್ತುಮಾಡಲು ಮೊನ್ನೆ ಫೋನ್ ಮಾಡಿದಾಗ ಅವರೆಂದರು: "ಶನಿವಾರ ಆಗಲ್ಲ ಮಾರಾಯ್ತಿ. ಹುಲಿಕಲ್ ಕಡೆಯ ಹೊಸ ಟೀಚರುಗಳು ಕಲಿಯೋಕೆ ಮನೆಗೆ ಬರ್ತಾರೆ. ಭಾನುವಾರ ಇಟ್ಕೊಳ್ಳಿ."

ಭಾನುವಾರವೇ ಇಟ್ಟುಕೊಂಡಿದ್ದೇವೆ. ಅವರಿಗೆ ನೂರು ವರ್ಷದ ಆಯುಸ್ಸನ್ನೂ ಗಟ್ಟಿ ಆರೋಗ್ಯವನ್ನೂ ಮನಸಾರೆ ಹಾರೈಸುತ್ತೇವೆ. ವಿಶ್ರಾಂತಿಯನ್ನು ಹಾರೈಸುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ.