ಮರದಲ್ಲಿಲ್ಲದ ಗಂಧೆ

ಆ ಬೆಳಿಗ್ಗೆ ನಡೆದದ್ದನ್ನು ಶೆಟ್ಟಿಹಳ್ಳಿಯ ನಮ್ಮ ಮನೆಗೆ ಬಂದವರಿಗೆಲ್ಲ ಹೇಳಿದ್ದೇನೆ. ಹೇಳಿದಷ್ಟೂ ಸಲ ನನ್ನ ಪಾತ್ರ ಒಂದಿಷ್ಟು ಬೆಳೆದಿದೆ. ಹಾಗಾಗಿ ಇದರಲ್ಲಿ ನಡೆದದ್ದೆಷ್ಟು, ನಾನು ಕೂಡಿಸಿದ್ದೆಷ್ಟು ಎಂದು ಖಚಿತವಾಗಿ ಹೇಳಲಾರೆ.

ತುಮಕೂರಿನ ಆಸ್ಪತ್ರೆಯೊಂದರ ಹಳೆಯ ದಾಖಲೆಗಳಲ್ಲಿ ಬೇಕಾದ್ದು ತಟ್ಟನೆ ಸಿಗುವಂತೆ ಮಾಡುವುದು ನನ್ನ ಕೆಲಸವಾಗಿತ್ತು. ‘ಪೆನಿಸಿಲಿನ್’ ಎಂದು ಹುಡುಕಿದವರಿಗೆ ‘ಆಂಪಿಸಿಲಿನ್’ ಎಂದು ಬರೆದ ಪುಟವೂ ಸಿಗಬೇಕು. ಎರಡೂ ಒಂದೇ ಕುಟುಂಬದವು ಎಂಬುದು ಕಂಪ್ಯೂಟರಿಗೆ ತಾನಾಗಿ ತಿಳಿಯದು. ಯಾವುದು ಯಾವುದರ ಬಗೆ, ಯಾವ ಹೆಸರುಗಳು ಒಂದೇ ಕಾಯಿಲೆಯವು ಎಂದು ಕೊಂಬೆ ಕೊಂಬೆಯಾಗಿ ಜೋಡಿಸಿಟ್ಟದ್ದಕ್ಕೆ ಆಂಟಾಲಜಿ ಎನ್ನುತ್ತಾರೆ. ನರ್ಸ್‌ಗಳು ಅದನ್ನು ‘ಸಾರ್ ಮರ’ ಎನ್ನುತ್ತಿದ್ದರು.

ಹಾಗಲವಾಡಿಯ ಹೆಂಗಸೊಬ್ಬರಿಗೆ ಅಂದು ಗರ್ಭಕೋಶದ ಆಪರೇಷನ್. ಅದಕ್ಕೆ ಮುಂಚೆ ಪೆನಿಸಿಲಿನ್ ಕುಟುಂಬದ್ದೇ ಒಂದು ಇಂಜೆಕ್ಷನ್ ಕೊಡಬೇಕಿತ್ತು. ಅಲರ್ಜಿ ಎಂದು ಹುಡುಕಿದರೆ ಅವರ ದಾಖಲೆಯಲ್ಲಿ ಏನೂ ಸಿಗಲಿಲ್ಲ. ವಾರ್ಡಿನ ಹಿರಿಯ ನರ್ಸ್ ಆ ಹೆಂಗಸನ್ನೇ ಕೇಳಿದರು. ಉತ್ತರವನ್ನು ನಾನೇ ಕೇಳಿಸಿಕೊಂಡೆನೋ, ನರ್ಸ್ ಬಂದು ಹೇಳಿದರೋ, ಈಗ ತಿಳಿಯದು.

“ಔಷಧಿ ಆಗ್ಬರದೇ ಇರೋದು ಯಾವ್ದೂ ಇಲ್ಲ ಕಣವ್ವ. ಕುಣಿಗಲ್‌ನಾಗೆ, ನಮ್ ತವ್ರಲ್ಲಿ, ಜ್ವರಕ್ಕೆ ಸೂಜಿ ಹಾಕಿಸ್ಕೊಂಡಾಗ ಮೈಯೆಲ್ಲ ಗಂಧೆ ಎದ್ದಿತ್ತು. ಅದು ಪಿತ್ತ ಬುಡು. ಕಂಬ್ಳಿ ಉಜ್ಜಿದ್ರು, ಹೋಯ್ತು.”

ನಮ್ಮ ಕಡೆ ಮೈಮೇಲೆ ಏಳುವ ಆ ತುರಿಕೆಯ ದದ್ದನ್ನು ಯಾರೂ ಔಷಧಿಯ ಮೇಲೆ ಹಾಕುವುದಿಲ್ಲ. ಪಿತ್ತದ ಮೇಲೆ ಹಾಕಿ, ಕಂಬಳಿಯಿಂದ ಉಜ್ಜಿ ಮರೆತುಬಿಡುತ್ತಾರೆ. ನನ್ನ ಅಜ್ಜಿಯೂ ನನಗೆ ಉಜ್ಜಿದ್ದಳು.

ನರ್ಸ್ ನನ್ನ ಮೇಜಿನ ಹತ್ತಿರ ಬಂದರು. “ಸಾರ್, ನಿಮ್ ಮರದಾಗೆ ಗಂಧೆ ಐತಾ?”

“ಅದು ವೈದ್ಯಕೀಯ ಪದ ಅಲ್ಲ ಸಿಸ್ಟರ್. ಅರ್ಟಿಕೇರಿಯಾ ಅಂತ ಇದೆ, ಅಲರ್ಜಿ ಕೆಳಗೆ.”

“ನಿಮ್ಗೆ ಗಂಧೆ ಎದ್ರೆ ಇಂಗ್ಲಿಷ್‌ನಾಗೆ ಕೆರ್ಕೊಂತೀರಾ? ನಾನು ಕುಣಿಗಲ್ ಕ್ಲಿನಿಕ್ಕಲ್ಲಿದ್ದಾಗ ನಾವು ಜನ ಹೇಳಿದ್ದನ್ನೇ ಬರೀತಿದ್ವಿ ಸಾರ್.”

ನಮ್ಮ ಆಸ್ಪತ್ರೆಯದೇ ಆದ ಆ ಕ್ಲಿನಿಕ್ಕಿನ ಹಾಳೆಗಳೂ ನಮ್ಮ ಕಂಪ್ಯೂಟರಿನಲ್ಲಿದ್ದವು. ವೈದ್ಯರು ಇಂಗ್ಲಿಷಿನಲ್ಲಿ ಬರೆದದ್ದಕ್ಕೆ ಮಾತ್ರ ನಾನು ಮರ ಕಟ್ಟಿದ್ದೆ. ನರ್ಸ್‌ಗಳು ಕನ್ನಡದಲ್ಲಿ ಬರೆದದ್ದನ್ನು ಓದಿಯೇ ಇರಲಿಲ್ಲ.

ಗಂಧೆಯನ್ನು ಅರ್ಟಿಕೇರಿಯಾಕ್ಕೆ ಸೇರಿಸಿದೆವು. ಆ ಹೆಂಗಸಿನ ದಾಖಲೆಯಲ್ಲಿ ಅಲರ್ಜಿ ಎಂದು ಮತ್ತೆ ಹುಡುಕಿದಾಗ ಒಂದೇ ಒಂದು ಹಾಳೆ ಬಂತು: ನಿನ್ನೆ ಆಂಪಿಸಿಲಿನ್ ಕೊಟ್ಟಿದೆ, ಇಂದು ಮೈತುಂಬ ಗಂಧೆ. ನರ್ಸ್ ಅದನ್ನು ಹಿಡಿದು ಓಡಿದರು. ವೈದ್ಯರು ಇಂಜೆಕ್ಷನ್ ಬದಲಿಸಿದರು. ಆಪರೇಷನ್ ಮುಗಿಸಿಕೊಂಡು ಆ ಹೆಂಗಸು ನಡೆದೇ ಮನೆಗೆ ಹೋದರು. ಮೊದಲಿನ ಇಂಜೆಕ್ಷನ್ನೇ ಕೊಟ್ಟಿದ್ದರೆ ಏನಾಗುತ್ತಿತ್ತೋ, ಯಾರಿಗೂ ಗೊತ್ತಿಲ್ಲ.

‘ಸೇರಿಸಿದೆವು’ ಎಂದು ಬರೆದಿದ್ದೇನೆ. ಬಹಳ ಕಾಲ ‘ಸೇರಿಸಿದೆ’ ಎಂದೇ ಹೇಳುತ್ತಿದ್ದೆ. ಕಳೆದ ತಿಂಗಳು ಅನುಮಾನ ತಡೆಯಲಾರದೆ, ಯಾರು ಯಾವಾಗ ಏನು ಬದಲಿಸಿದರೆಂದು ಕಂಪ್ಯೂಟರು ತಾನೇ ಬರೆದಿಡುವ ಪಟ್ಟಿಯನ್ನು ತೆಗೆದು ನೋಡಿದೆ. ಗಂಧೆಯನ್ನು ಸೇರಿಸಿರುವುದು ಆ ನರ್ಸಿನ ಲಾಗಿನ್‌ನಿಂದ.