ಮೊದಲ ಶನಿವಾರದ ಪ್ರಕಟಣೆ

ಇಂಗಲ್‌ವುಡ್‌ನ ಆ ಕಪ್ಪು ಜನರ ಚರ್ಚಿನಲ್ಲಿ ತಮ್ಮ ಮಾತಿಗಿಂತ ಆರ್ಡೆಲ್ಲಾ ಪ್ರುಡೋಮ್ ಮಾತಿಗೇ ತೂಕ ಹೆಚ್ಚು ಎಂದು ಪಾಸ್ಟರೇ ನಗುತ್ತ ಹೇಳುತ್ತಿದ್ದರು. ಮೂವತ್ತೊಂದು ವರ್ಷಗಳಿಂದ ಭಾನುವಾರದ ಪ್ರಕಟಣೆ ಓದುವವಳು ಆಕೆ. ಯಾರಿಗೆ ಕಾಯಿಲೆ, ಯಾರ ಮಗಳಿಗೆ ಪದವಿ, ಹುರಿದ ಮೀನಿನ ಊಟ ಯಾವತ್ತು, ಎಲ್ಲವೂ ಆಕೆಯ ಬಾಯಿಂದಲೇ ಬರಬೇಕು. ಓದಿ ಮುಗಿಸಿ ಕನ್ನಡಕದ ಮೇಲಿಂದ ನೋಡಿದಳೆಂದರೆ ಸಭೆ "ಆಮೆನ್" ಅನ್ನುತ್ತಿತ್ತು. ಆಮೆನ್ ಅಂದ ಮೇಲೆ ಮಾತು ಕೊಟ್ಟ ಹಾಗೆ.

ಒಮ್ಮೆ, ತೀರ ಹಿಂದೆ, ಯಾರೋ ಕೊಟ್ಟ ಚೀಟಿಯನ್ನು ವಿಚಾರಿಸದೆ ಓದಿಬಿಟ್ಟಿದ್ದಳು: ಕಣ್ಣಿನ ಪೊರೆಗೆ ಪುಕ್ಕಟೆ ಚಿಕಿತ್ಸೆ. ಹದಿನೇಳು ಮುದುಕಿಯರು ಭಾನುವಾರದ ಟೋಪಿ ಇಟ್ಟುಕೊಂಡು ಹೋಗಿ, ಬೀಗ ಹಾಕಿದ ಬಾಗಿಲು ನೋಡಿ ವಾಪಸ್ಸು ಬಂದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವತ್ತಿನಿಂದ ತನಗೆ ಖಾತ್ರಿಯಾಗದ್ದನ್ನು ಆಕೆ ಓದಿದವಳಲ್ಲ.

ಬುಧವಾರ ಆಕೆ ಗೆಳತಿ ಒಲೀತಾ ಜೊತೆ ಚರ್ಚಿನ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಾಗ ಕಿಯಾನಾ ಎಂಬ ಹುಡುಗಿ ಬಂದಳು. ಸಿನಿಮಾ ಕಂಪನಿಯ ಪ್ರಚಾರದವಳು. ನಮ್ಮವಳೇ, ಕಪ್ಪು ಹುಡುಗಿ. ಬಿರುಗಾಳಿಯನ್ನು ಅಂಗೈಯಲ್ಲಿ ಹಿಡಿಯುವ ಕಪ್ಪು ವೀರಾಂಗನೆಯ ಸಿನಿಮಾ ಮುಂದಿನ ವಾರ ಬರುವುದಿತ್ತು. ಮೊದಲ ಶನಿವಾರ ಬೆಳಗ್ಗೆ ಹನ್ನೊಂದರ ಆಟದ ಇನ್ನೂರ ಹತ್ತು ಸೀಟು ಈ ಚರ್ಚಿಗೇ ಮೀಸಲು. ಟಿಕೆಟ್ಟಿನ ದುಡ್ಡು ಜನರದ್ದು, ಮಕ್ಕಳಿಗೆ ಮುಖವಾಡ ಕಂಪನಿಯದ್ದು. ಪಾಸ್ಟರ್ ಹಿಂದಿನ ವಾರವೇ ಒಪ್ಪಿಕೊಂಡಿದ್ದರು. ಆದರೆ ಸೋಮವಾರ ಚರ್ಚಿಗೆಲ್ಲ ಹಿರಿಯಜ್ಜಿ, ತೊಂಬತ್ನಾಲ್ಕರ ಮದರ್ ಜೆನೀವಾ ತೀರಿಕೊಂಡರು. ಅವರ ಅಂತ್ಯಕ್ರಿಯೆಯೂ ಅದೇ ಶನಿವಾರ, ಅದೇ ಹನ್ನೊಂದಕ್ಕೆ.

ಕಿಯಾನಾ ಕೊಟ್ಟ ಕಾಗದವನ್ನು ಆರ್ಡೆಲ್ಲಾ ಎರಡು ಸಲ ಓದಿದಳು. 'ಮೊದಲ ವಾರ ನಾವು ಸೀಟು ತುಂಬಿಸದಿದ್ದರೆ ನಮ್ಮವರ ಇಂಥ ಸಿನಿಮಾ ಇನ್ನೊಂದು ಬರುವುದಿಲ್ಲ.'

"ಹೀಗಂತ ಯಾರು ಹೇಳಿದ್ದು, ಕಂದಾ?"

"ಕಂಪನಿಯವರು, ಮೇಡಂ."

"ಬೇರೆ ಯಾರು?"

ಕಿಯಾನಾ ನಕ್ಕುಬಿಟ್ಟಳು. "ಬೇರೆ ಯಾರೂ ಇಲ್ಲ."

"ಲೋಕ ಉಳಿಸೋಳಿಗೆ ನಮ್ಮಂಥ ಮಂಡಿನೋವಿನ ಮುದುಕೀರು ಬೇಕಾ?" ಅಂದಳು ಒಲೀತಾ.

"ಅದರ ಮುಂದಿನ ಶನಿವಾರ ಬಂದ್ರಾಗಲ್ವಾ?" ಆರ್ಡೆಲ್ಲಾ ಕೇಳಿದಳು. "ಮದರ್ ಜೆನೀವಾನ್ನ ಮಣ್ಣು ಮಾಡಬೇಕಲ್ಲಮ್ಮ."

"ಬಂದ್ರೆ ಸಂತೋಷಾನೇ. ಆದ್ರೆ ಗಳಿಕೆ ಲೆಕ್ಕ ಸೋಮವಾರಾನೇ ಹೊರಗೆ ಬರುತ್ತೆ, ಸಿಸ್ಟರ್. ಮೊದಮೊದಲ ವಾರ ಟಿಕೆಟ್ಟಿನಲ್ಲಿ ಕಂಪನಿ ಪಾಲು ಜಾಸ್ತಿ. ಆ ಲೆಕ್ಕ ನೋಡ್ಕೊಂಡೇ ಸಿನಿಮಾ ಹೆಸರಲ್ಲಿ ಬೊಂಬೆ ಮಾಡೋರು, ಶೂ ಮಾಡೋರು ದುಡ್ಡು ಹಾಕೋದು."

ಮೇಜಿನ ಮೇಲಿದ್ದ ಪೋಸ್ಟರ್ ಸುರುಳಿ ಬಿಚ್ಚಿಕೊಂಡು ಎರಡು ಹಾಳೆ ಹರಡಿದವು. ಮೇಲಿನದರಲ್ಲಿ ಹುಡುಗಿ ಜಡೆಗಳನ್ನು ಹರವಿಕೊಂಡು ಆಕಾಶ ನೋಡುತ್ತಿದ್ದಳು. ಕೆಳಗಿನದರಲ್ಲಿ ಅದೇ ಮೈ, ತಲೆಗೆ ಬೆಳ್ಳಿಬಣ್ಣದ ಶಿರಸ್ತ್ರಾಣ.

"ಇದರಲ್ಲಿ ಮುಖ ಎಲ್ಲಿ?"

"ಅದು ಹೊರದೇಶಕ್ಕೆ," ಎಂದಳು ಕಿಯಾನಾ, ಹಾಳೆ ಸುತ್ತುತ್ತ. "ಕೆಲವು ಕಡೆ ಮುಖ ಕಾಣದಿದ್ರೇ ಹೆಚ್ಚು ಓಡುತ್ತಂತೆ."

ಕಿಯಾನಾ ತಾನೇ ಒಂದು ಕಟ್ಟು ಸೊಪ್ಪು ಎಳೆದುಕೊಂಡು ಬಿಡಿಸತೊಡಗಿದಳು, ಪಳಗಿದ ಕೈ. "ನಾನೂ ಇಂಥ ಅಡುಗೆಮನೇಲೇ ಬೆಳೆದೋಳು. ಮುಖ ಮುಚ್ಚಬೇಡಿ ಅಂತ ಕಂಪನೀಲಿ ಜಗಳ ಆಡಿದ್ದು ನಾನೊಬ್ಬಳೇ. ಈ ಸೀಟು ತುಂಬದಿದ್ರೆ ಮುಂದಿನ ಸಲ ನನ್ನ ಮಾತು ಯಾರು ಕೇಳ್ತಾರೆ?"

ಅವಳು ಹೋದ ಮೇಲೆ ಆರ್ಡೆಲ್ಲಾ ಸೊಪ್ಪು ತೊಳೆಯುತ್ತ ನಲ್ಲಿಯ ಮುಂದೆ ಬಹಳ ಹೊತ್ತು ನಿಂತಳು. ಸ್ವಾಮೀ, ಗೊತ್ತಿಲ್ಲದ್ದನ್ನು ನನ್ನ ಕೈಲಿ ಓದಿಸಬೇಡ. ಆ ಹುಡುಗಿಯ ಕೈ ಬಿಡುವ ಹಾಗೂ ಮಾಡಬೇಡ. ಅಷ್ಟೇ ಪ್ರಾರ್ಥನೆ.

ಭಾನುವಾರ ಮೊದಲು ಅಂತ್ಯಕ್ರಿಯೆಯ ಪ್ರಕಟಣೆ ಓದಿದಳು. ಸಭೆ ಆಮೆನ್ ಅಂದಿತು. ಆಮೇಲೆ ಕಂಪನಿಯ ಕಾಗದ ತೆಗೆದಳು.

"ಅದೇ ಹೊತ್ತಿಗೆ ಒಂದು ಸಿನಿಮಾ ಇದೆ. ನಾವು ಮೊದಲ ವಾರ ಹೋಗದಿದ್ರೆ ಇಂಥದ್ದು ಇನ್ನೊಂದು ಬರಲ್ಲ ಅಂತ ಇದರಲ್ಲಿ ಬರೆದಿದೆ. ಅದು ನನಗೆ ಗೊತ್ತಿಲ್ಲ. ಅದಕ್ಕೆ ಆಮೆನ್ ಕೇಳಲ್ಲ. ಮದರ್ ಜೆನೀವಾ ಪರಿಚಯ ಇಲ್ಲದ ಹುಡುಗರು ಆ ಶನಿವಾರಾನೇ ಹೋಗಿ. ಉಳಿದೋರಿಗೆ ಅದರ ಮುಂದಿನ ಶನಿವಾರ ಹತ್ತಕ್ಕೆ ಬಸ್ಸು. ಕೆಲಸ ಮಾಡಿದ ಹುಡುಗಿ ನಮ್ಮವಳು. ನಾನಂತೂ ಹೋಗ್ತೀನಿ."

"ಪಾಪ್‌ಕಾರ್ನ್ ಯಾರು ಕೊಡಿಸ್ತಾರೆ?" ಗಾಯಕರ ಸಾಲಿನಿಂದ ಒಲೀತಾ ಕೂಗಿದಳು. ಪಾಸ್ಟರ್ ತಲೆ ತಗ್ಗಿಸಿ ನಕ್ಕರು.

ಮೊದಲ ಶನಿವಾರ ಅರವತ್ತೊಂದು ಸೀಟು ತುಂಬಿತು. ಸೋಮವಾರದ ಲೆಕ್ಕದಲ್ಲಿ ಆ ಸಿನಿಮಾ ದೇಶಕ್ಕೇ ಮೊದಲು ಬಂತು. ಇವರ ಖಾಲಿ ಸೀಟು ಎಲ್ಲೂ ಕಾಣಿಸಲಿಲ್ಲ. ಬುಧವಾರದ ಹೊತ್ತಿಗೆ ಎರಡನೆಯ ಭಾಗವನ್ನೂ ಘೋಷಿಸಿಯಾಗಿತ್ತು.

ಎರಡನೆಯ ಶನಿವಾರ ಎರಡು ಬಸ್ಸು ಬೇಕಾದವು. ಕಿಯಾನಾ ತನ್ನ ದುಡ್ಡಿನ ಟಿಕೆಟ್ಟಿನಲ್ಲಿ ಬಂದು ಆರ್ಡೆಲ್ಲಾ ಪಕ್ಕ ಕೂತಳು. ಈ ಶನಿವಾರದ ಸೀಟು ಯಾರ ಲೆಕ್ಕಕ್ಕೂ ಬರಲ್ಲ ಎಂದು ಅವಳು ಹೇಳಲಿಲ್ಲ, ಬರುತ್ತಾ ಎಂದು ಈಕೆಯೂ ಕೇಳಲಿಲ್ಲ. ತೆರೆಯ ಮೇಲೆ ಯುದ್ಧಕ್ಕೆ ಹೊರಡುವ ಮೊದಲು ಅಜ್ಜಿ ಹುಡುಗಿಯ ತಲೆಗೆ ಎಣ್ಣೆ ಹಚ್ಚಿ ಜಡೆ ಹೆಣೆದಾಗ ಥಿಯೇಟರೆಲ್ಲ ಚರ್ಚಿನ ಹಾಗೆ ಹೂಂಗುಟ್ಟಿತು.

ಮರುದಿನ ಕೊನೆಯ ಪ್ರಕಟಣೆಗೆ ಆರ್ಡೆಲ್ಲಾ ಕೈಯಲ್ಲಿ ಕಾಗದವೇ ಇರಲಿಲ್ಲ.

"ಸಿನಿಮಾ ನೋಡಿದೆ. ಚೆನ್ನಾಗಿದೆ. ಕೊನೇ ಅರ್ಧ ಗಂಟೆ ಗದ್ದಲ ಜಾಸ್ತಿ, ಕಿವಿಗೆ ಹತ್ತಿ ತಗೊಂಡು ಹೋಗಿ."

ಕನ್ನಡಕದ ಮೇಲಿಂದ ನೋಡಿದಳು.

"ಆಮೆನ್," ಅಂದಿತು ಸಭೆ.