ಯಾರೂ ಒಯ್ಯದ ಹಂಚು

ಕಳೆದ ಭಾನುವಾರ ಒಂದು ರೊಟ್ಟಿ ಹಂಚಿನ ಎದುರು ನಿಂತು ನಾನು ಸುಳ್ಳು ಹೇಳಿದೆ. "ನಮ್ಮನ್ಯಾಗ ಚೊಲೊ ಹಂಚು ಅದರಿ" ಅಂದೆ.

ಹಂಚು ಇದೆ, ಅದು ನಿಜ. ಚೊಲೊ ಅನ್ನುವುದು ಸುಳ್ಳು. ನಡುವೆ ಉಬ್ಬಿಕೊಂಡು, ಒಲೆಯ ಮೇಲಿಟ್ಟರೆ ತೊಟ್ಟಿಲಿನಂತೆ ತೂಗುವ ಹಂಚು ಅದು. ನನ್ನ ರೊಟ್ಟಿ ಒಂದು ಕಡೆ ಸೀದಿರುತ್ತದೆ, ಇನ್ನೊಂದು ಕಡೆ ಹಸಿ. ನಮ್ಮ ಯಜಮಾನರು ತಕರಾರಿಲ್ಲದೆ ತಿನ್ನುತ್ತಾರೆ (ತಕರಾರು ಮಾಡಿದರೆ ಮರುದಿನ ರೊಟ್ಟಿ ಬಡಿಯುವ ಪಾಳಿ ಅವರದು).

ಮತ್ತೆ ಸುಳ್ಳು ಯಾಕೆ ಹೇಳಿದೆ? ಹೇಳುತ್ತೇನೆ, ಸ್ವಲ್ಪ ತಾಳಿ.

ಶಹಾಪುರದ ಕಾಲುವೆ ರಸ್ತೆಯಲ್ಲಿ ನಮ್ಮ ಕಾಲೊನಿ. ಸುರಪುರದವರು, ಕೆಂಭಾವಿಯವರು, ಯಾದಗಿರಿಯಿಂದ ವರ್ಗವಾಗಿ ಬಂದವರು, ಎಲ್ಲರೂ ಇದ್ದೇವೆ. ವಾಟ್ಸಪ್ ಗ್ರೂಪಿನಲ್ಲಿ ದಿನಾ ಗುಡ್ ಮಾರ್ನಿಂಗ್ ಅನ್ನುತ್ತೇವೆ. ಗೇಟಿನ ಹತ್ತಿರ ಎದುರಾದರೆ ಮಾತ್ರ ಮೊಬೈಲ್ ನೋಡುತ್ತೇವೆ. ಇದನ್ನು ಸರಿ ಮಾಡಬೇಕೆಂದು 'ಅದಲು ಬದಲು ಸಂತೆ'ಯ ಐಡಿಯಾ ಕೊಟ್ಟವಳು ನಾನೇ. ಮನೆಯಲ್ಲಿ ಬೇಡವಾದ ಒಂದು ಸಾಮಾನು ತರಬೇಕು, ಬೇಕಾದದ್ದೊಂದು ಒಯ್ಯಬೇಕು. ರೊಕ್ಕದ ಮಾತೇ ಇಲ್ಲ.

ಕಾಲುವೆಗೆ ನೀರು ಬಿಟ್ಟ ವಾರ. ಪಾರ್ಕಿಗೆಂದು ಬಿಟ್ಟ ಖಾಲಿ ಜಾಗದಲ್ಲಿ, ಬೇವಿನ ಮರದ ಕೆಳಗೆ ಮೇಜು ಹಾಕಿದೆವು. ನಾನು ಮೈಕ್ ಹಿಡಿದು ಭಾಷಣವನ್ನೂ ಮಾಡಿದೆ. "ಸಾಮಾನು ಮನೆ ಬದಲಿಸಿದರೆ, ಮನಸ್ಸಿನಿಂದ ಮನಸ್ಸಿಗೆ ದಾರಿ ಆಗುತ್ತದೆ." ಚಪ್ಪಾಳೆ ಬಿತ್ತು.

ಮದುವೆಯಲ್ಲಿ ಉಡುಗೊರೆಯಾಗಿ ಬಂದ ಗೋಡೆ ಗಡಿಯಾರಗಳೇ ಏಳು ಬಂದವು. ಕಪ್ಪು-ಸಾಸರ್, ಚೂಡಿದಾರ್, ಒಂದು ಕಾಲು ಊನವಾದ ಸ್ಟೂಲು. ಸುಜಾತಾ ಟೀಚರ್ ತಂದದ್ದು ಹಂಚು.

ಸುಜಾತಾ ವಡಗೇರಾದವರು, ಕಾಲೊನಿಗೆ ಬಂದು ಒಂದು ವರ್ಷ. ಅವರು ಬೌದ್ಧರು. ಅವರ ಹಿರಿಯರ ಕೇರಿ ಊರಾಚೆ ಇತ್ತು ಎನ್ನುವುದು, ಅವರ ಸಾಮಾನು ಲಾರಿಯಿಂದ ಇಳಿಯುವ ಮೊದಲೇ ನಮಗೆಲ್ಲ ಗೊತ್ತಾಗಿತ್ತು (ಈ ವಿಷಯದಲ್ಲಿ ನಮ್ಮ ನೆಟ್‌ವರ್ಕ್ ಎಂದೂ ಕೈಕೊಡುವುದಿಲ್ಲ).

ಹಂಚು ಹೇಗಿತ್ತು ಅಂತೀರಿ? ವರ್ಷಗಟ್ಟಲೆ ಬೆಂಕಿಯಲ್ಲಿ ಪಳಗಿ, ಕರ್ರಗೆ, ಕನ್ನಡಿಯಂತೆ ನುಣ್ಣಗೆ. ಎಲ್ಲರೂ ಮುಟ್ಟಿ ನೋಡಿದರು. ಎಲ್ಲರೂ ಹೊಗಳಿದರು. ಯಾರೂ ಒಯ್ಯಲಿಲ್ಲ. ಕುಂಟು ಸ್ಟೂಲು ಹೋಯಿತು. ಏಳು ಗಡಿಯಾರಗಳೂ ಹೋದವು. ಹಂಚೊಂದೇ ಉಳಿಯಿತು. ಸುಜಾತಾ ಎಲ್ಲರಿಗೂ ನೀರಿನ ಬಾಟಲಿ ಕೊಡುತ್ತ, ಆ ಕಡೆ ನೋಡದೆ ಓಡಾಡುತ್ತಿದ್ದರು.

"ನೀವು ಒಯ್ರಿ ಮೇಡಂ" ಎಂದು ಯಾರೋ ನನಗೆ ಹೇಳಿದರು. ಆಗ ಹೇಳಿದೆ ಆ ಸುಳ್ಳು. ಸೀರೆ ಆಗಿದ್ದರೆ ಒಯ್ಯುತ್ತಿದ್ದೆ. ಪುಸ್ತಕ ಆಗಿದ್ದರೆ ಓಡಿಹೋಗಿ ಒಯ್ಯುತ್ತಿದ್ದೆ. ಹಂಚು ಅಡುಗೆಮನೆಗೆ ಬರುತ್ತದೆ. ಅತ್ತೆ ಕೇಳಿದರೆ ಏನನ್ನಲಿ? (ಅತ್ತೆ ಇರುವುದು ವನದುರ್ಗದಲ್ಲಿ. ಬರುವುದು ವರ್ಷಕ್ಕೊಮ್ಮೆ.)

ಹನ್ನೊಂದಕ್ಕೆ ನಮ್ಮ ಕಾಲೊನಿಯ ಹಿರಿಯರು, ಗೌರಮ್ಮಜ್ಜಿ ಬಂದರು. ಹಣೆತುಂಬ ವಿಭೂತಿ. ಲಿಂಗಪೂಜೆ ಮುಗಿಯದೆ ಹನಿ ನೀರು ಕುಡಿಯದವರು, ಯಾರ ಮನೆಯ ಚಹವನ್ನೂ ಮುಟ್ಟದವರು. ಈಗ ಏನು ಅನ್ನುತ್ತಾರೋ.

ಅಜ್ಜಿ ಬೆರಳ ಗೆಣ್ಣಿನಿಂದ ಹಂಚನ್ನು ತಟ್ಟಿ ಕಿವಿಗೊಟ್ಟರು. "ಯಾರದು?"

"ನಂದ್ರಿ, ಅಜ್ಜಿ. ನಮ್ಮವ್ವಂದು" ಅಂದರು ಸುಜಾತಾ.

"ಇಷ್ಟೊತ್ತನಕ ಯಾಕ ಉಳದದ?"

ಅಜ್ಜಿ ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. "ರೊಟ್ಟಿ ತಿನ್ನೂದು ಬಿಟ್ಟೀರೇನು ಎಲ್ಲಾರೂ?" ಅಂದವರೇ, ತಾವು ಹಳೆ ಸೀರೆಗಳಿಂದ ಹೊಲಿದು ತಂದಿದ್ದ ಕೌದಿಯನ್ನು ಮೇಜಿನ ಮೇಲಿಟ್ಟು ಹಂಚನ್ನು ಕಂಕುಳಲ್ಲಿ ಇರುಕಿಕೊಂಡರು. ಆ ಕೌದಿಯನ್ನು ಸುಜಾತಾ ಒಯ್ದರು.

ಅಜ್ಜಿ ಕ್ರಾಂತಿ ಮಾಡಿದರು ಎಂದು ಬರೆಯಲು ನನಗೂ ಆಸೆ. ಮರುದಿನ ಕೇಳಿಯೂ ಕೇಳಿದೆ. "ಯಾತರ ಕ್ರಾಂತಿ? ನನ್ನ ಹಂಚು ತೂತು ಬಿದ್ದಿತ್ತು" ಅಂದರು. ಆಮೇಲೆ, "ನನಗೂ ಒಂದ್ ಸ್ವಲ್ಪ ಅಂಜಿಕಿ ಆತು. ಆದ್ರ ಆ ಹುಡುಗಿ ಮಾರಿ ನೋಡಿದೆ" ಅಂದರು.

ಅದೇ ದಿನ ಸಂಜೆ ಸುಜಾತಾ ಅವರ ಮನೆಗೆ ಹೋದೆ. ಒಂದು ವರ್ಷದಲ್ಲಿ ಅದೇ ಮೊದಲ ಸಲ. ಚಹ ಕೊಟ್ಟರು, ಕುಡಿದೆ. "ನಿನ್ನೆ ನಾನು ಸುಳ್ಳು ಹೇಳಿದೆ" ಅಂದೆ.

"ಗೊತ್ತದರಿ ಮೇಡಂ. ನಿಮ್ಮ ಮನಿ ರೊಟ್ಟಿ ಸೀದ ವಾಸನಿ ನಮ್ಮ ಕಿಡಕಿಗಿ ಬರ್ತದ." ನಕ್ಕರು. ನನಗೆ ನಗಲು ಆಗಲಿಲ್ಲ. ಆಮೇಲೆ ಮೆಲ್ಲಗೆ ಅಂದರು, "ನನ್ನ ಹತ್ರ ಹೊಸಾ ಸೀರಿನೂ ಇದ್ದೂರಿ, ಕೊಡಬೇಕಂದ್ರ. ಬೇಕಂತನ ಹಂಚು ತಂದೆ. ಇಲ್ಲೇ ಸ್ವಂತ ಮನಿ ಕಟ್ಟಬೇಕಂತ ಮಾಡೀವಿ. ಅದಕ್ಕ ಮೊದಲ ನೋಡಬೇಕಿತ್ತು."

"ಏನು ನೋಡಿದ್ರಿ?"

"ಒಬ್ರು ಸಿಕ್ರಲ್ರಿ. ಪಾಯ ತೋಡಾಕ ಸಾಕು."

ಆ ಒಬ್ಬರು ನಾನಲ್ಲ. ಮೈಕ್ ಹಿಡಿದವಳು ಮಾತ್ರ ನಾನು.

ನಿಮ್ಮ ಓಣಿಯಲ್ಲೂ ಇಂಥದೊಂದು ಸಂತೆ ಮಾಡಿ ನೋಡಿ. ಎಲ್ಲ ಮುಗಿದ ಮೇಲೆ ಮೇಜಿನ ಮೇಲೆ ಉಳಿಯುವುದು ಯಾರ ಮನೆಯ ಸಾಮಾನು?